ದಿನಾ ಹದಿನೈದು ನಿಮಿಷ ದೇವರ ಜೊತೆ: ಶುರು ಮಾಡೋದು ಹೇಗೆ, ಬಿಟ್ಟುಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ

ಭಾನುವಾರ ತಪ್ಪದೆ ಚರ್ಚಿಗೆ ಹೋಗ್ತೀವಿ, ಪಾಸ್ಟರ್ "ದಿನಾ ವಾಕ್ಯ ಓದಿ, ಏಕಾಂತ ಪ್ರಾರ್ಥನೆ ಮಾಡಿ" ಅಂತಾರೆ, ನಾವು ಆಮೆನ್ ಅಂತೀವಿ, ಮನೆಗೆ ಬಂದು ಊಟ ಮಾಡಿ ಮಲಗ್ತೀವಿ. ಹೇಗೆ ಮಾಡ್ಬೇಕು ಅಂತ ಮಾತ್ರ ಯಾರೂ ಕೂರಿಸ್ಕೊಂಡು ಹೇಳ್ಕೊಡಲ್ಲ. ನಂಗೂ ಯಾರೂ ಹೇಳ್ಕೊಡ್ಲಿಲ್ಲ, ಎಷ್ಟೋ ವರ್ಷ ಜನವರಿ ಒಂದಕ್ಕೆ ಶುರು ಮಾಡಿ ಫೆಬ್ರವರಿಯಲ್ಲಿ ಬಿಟ್ಟು ಮತ್ತೆ ಮುಂದಿನ ಜನವರಿಗೆ ಕಾಯೋನು ನಾನು.

ಆದ್ರೆ ಹೇಳ್ಕೊಡದೇ ತೋರಿಸಿದವರು ಒಬ್ಬರಿದ್ರು, ನಮ್ಮಜ್ಜಿ. ಅವ್ರಿಗೆ ಓದೋಕೆ ಬರ್ತಿರ್ಲಿಲ್ಲ. ಬೈಬಲಿನ 23ನೇ ಕೀರ್ತನೆ, 121ನೇ ಕೀರ್ತನೆ ಎರಡೂ ಬಾಯಿಪಾಠ. ಬೆಳಿಗ್ಗೆ ಒಲೆ ಹಚ್ಚಿ ನೀರಿಟ್ಟು, ಎದುರಿಗೆ ಮಣೆ ಮೇಲೆ ಯಾರೋ ಕೂತಿದ್ದಾರೆ ಅನ್ನೋ ಥರ ಮಾತಾಡೋರು, "ಇವತ್ತು ಹಸು ಯಾಕೋ ಮೇವು ಮುಟ್ಟಿಲ್ಲ ಸ್ವಾಮಿ, ನೀನೇ ನೋಡು" ಅಂತ. ಅಜ್ಜಿ ಒಬ್ರೇ ಗೊಣಗ್ತಾರೆ ಅಂದ್ಕೊಂಡಿದ್ದೆ ನಾನು. ಈಗ ಅನ್ಸುತ್ತೆ, ನಾವು ಪುಸ್ತಕ ಓದಿ ದೇವರ ಬಗ್ಗೆ ಬೇಕಾದಷ್ಟು ತಿಳ್ಕೊಂಡಿದ್ದೀವಿ, ಅವ್ರು ದೇವರ ಹತ್ರ ಮಾತಾಡ್ತಿದ್ರು. ಈ ಬರಹ ಪೂರ್ತಿ ಆ "ಬಗ್ಗೆ"ಯಿಂದ "ಹತ್ರ"ಕ್ಕೆ ಹೋಗೋದು ಹೇಗೆ ಅನ್ನೋದರ ಬಗ್ಗೇನೆ.

ಮೊದಲು ಜಾಗ ಮತ್ತು ಹೊತ್ತು

ಮಾರ್ಕ 1:35 (ಬೈಬಲಿನ ಮಾರ್ಕನ ಸುವಾರ್ತೆ, 1ನೇ ಅಧ್ಯಾಯ, 35ನೇ ವಚನ) ಎಲ್ರಿಗೂ ಗೊತ್ತು, ಯೇಸು ಇನ್ನೂ ಕತ್ತಲಿರುವಾಗ್ಲೇ ಎದ್ದು ಜನ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದ್ರು. ಅದರ ಹಿಂದೆ ಮುಂದೆ ಇರೋ ವಚನಗಳನ್ನ ಸೇರಿಸಿ ಓದಿ. ಹಿಂದಿನ ದಿನ ಸಂಜೆ ಹೊತ್ತು ಮುಳುಗಿದ ಮೇಲೆ ಊರಿಗೂರೇ ಬಾಗಿಲ ಹತ್ರ ಸೇರಿತ್ತು, ರೋಗಿಗಳು, ದೆವ್ವ ಹಿಡಿದವರು. ಅಂದ್ರೆ ಓವರ್‌ಟೈಮ್ ಮಾಡಿದ ಮಾರನೇ ಬೆಳಿಗ್ಗೆ ಅದು. ಆಮೇಲೆ ಶಿಷ್ಯ ಸೀಮೋನನೂ ಜೊತೆಯವರೂ ಹುಡುಕ್ಕೊಂಡು ಬಂದು "ಎಲ್ಲರೂ ನಿನ್ನನ್ನೇ ಹುಡುಕ್ತಿದ್ದಾರೆ" ಅಂದ್ರೆ ಯೇಸು ವಾಪಸ್ ಹೋಗಲ್ಲ, ಬೇರೆ ಊರುಗಳಿಗೆ ಹೋಗೋಣ ಅಂತಾರೆ. ಪ್ರಾರ್ಥನೆಯಿಂದ ಎದ್ದಾಗ ಇವತ್ತು ಏನು ಮಾಡ್ಬೇಕು, ಏನು ಮಾಡ್ಬಾರ್ದು ಅನ್ನೋದು ಅವರಿಗೆ ಸ್ಪಷ್ಟ ಇತ್ತು. ನಂಗೆ ಆ ಭಾಗದಲ್ಲಿ ತುಂಬ ಇಷ್ಟ ಆಗೋದು ಇದೇ.

ಬೆಳಿಗ್ಗೇನೇ ಆಗ್ಬೇಕು ಅನ್ನೋ ಕಾನೂನು ಎಲ್ಲೂ ಇಲ್ಲ. ಬೈಬಲಲ್ಲೇ ನೋಡಿ, ಇಸಾಕ ಧ್ಯಾನಕ್ಕೆ ಸಂಜೆ ಹೊತ್ತು ಬಯಲಿಗೆ ಹೋಗಿದ್ದ, ದಾನಿಯೇಲ ದಿನಕ್ಕೆ ಮೂರು ಸಲ ಯೆರೂಸಲೇಮಿನ ಕಡೆ ಕಿಟಕಿ ತೆರೆದು ಮೊಣಕಾಲೂರ್ತಿದ್ದ. ನೈಟ್ ಶಿಫ್ಟ್ ಮಾಡೋ ನರ್ಸ್‌ಗೆ "ನಾಲ್ಕಕ್ಕೆ ಏಳಿ" ಅಂತ ಉಪದೇಶ ಮಾಡಿದ್ರೆ ಏನು ಪ್ರಯೋಜನ, ಅವರಿಗೆ ಡ್ಯೂಟಿ ಮುಗಿಸಿ ಬಂದು ಮುಖ ತೊಳೆದ ಮೇಲಿನ ಹೊತ್ತೇ ಮುಂಜಾನೆ. ಆದ್ರೆ ಯಾವ ಹೊತ್ತು ಆರಿಸ್ಕೊಂಡ್ರೂ ದಿನಾ ಅದೇ ಇರ್ಲಿ. "ಟೈಮ್ ಸಿಕ್ಕಾಗ ಮಾಡ್ತೀನಿ" ಅಂದ್ರೆ ಸಿಗಲ್ಲ ಅಷ್ಟೇ, ನಾನು ಮಾಡಿ ನೋಡಿದ್ದೀನಿ. ದಿನಾ ಏನಾದ್ರೂ ಒಂದನ್ನ ಮಾಡೇ ಮಾಡ್ತೀವಲ್ಲ, ಅದಕ್ಕೆ ಕಟ್ಟಿಬಿಡಿ: ಹಾಲು ಕಾಯಿಸಿದ ಮೇಲೆ, ಮಕ್ಕಳನ್ನ ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ, ಹೀಗೆ.

ಜಾಗದ ವಿಷಯಕ್ಕೆ ಬಂದ್ರೆ ಮತ್ತಾಯ 6:6ರಲ್ಲಿ ಕೋಣೆಗೆ ಹೋಗಿ ಬಾಗಿಲು ಹಾಕ್ಕೋ ಅಂತಿದೆ, ಸಿಂಗಲ್ ಬೆಡ್‌ರೂಮ್ ಬಾಡಿಗೆ ಮನೇಲಿ ಐದು ಜನ ಇದ್ರೆ ಯಾವ ಕೋಣೆ ಯಾವ ಬಾಗಿಲು? ಟೆರೇಸ್ ಇದ್ರೆ ಟೆರೇಸ್, ಇಲ್ಲಾಂದ್ರೆ ಅಡುಗೆಮನೆ ಮೂಲೆ, ಅದೂ ಇಲ್ಲಾಂದ್ರೆ ಕೆಳಗೆ ಪಾರ್ಕಿಂಗಲ್ಲಿ ನಿಲ್ಲಿಸಿರೋ ಬೈಕ್ ಮೇಲೆ. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಅವರ ತಾಯಿ ಸುಸಾನಾ ಮನೆ ತುಂಬ ಮಕ್ಕಳ ಮಧ್ಯೆ ಏಪ್ರನ್ ಎತ್ತಿ ತಲೆ ಮೇಲೆ ಹಾಕ್ಕೊಂಡು ಪ್ರಾರ್ಥನೆ ಮಾಡ್ತಿದ್ರು ಅಂತ ಹೇಳ್ತಾರೆ. ನಮ್ಮ ಕಡೆ ಹೆಂಗಸರು ಸೆರಗು ಹೊದ್ದು ಕೂರ್ತಾರಲ್ಲ, ಹಾಗೆ. ಮುಖ್ಯ ಅಂದ್ರೆ ಮನೆಯವರಿಗೆ ಮೊದಲೇ ಹೇಳಿಡಿ, "ಈ ಹದಿನೈದು ನಿಮಿಷ ನನ್ನ ಕರೀಬೇಡಿ" ಅಂತ. ಹೇಳದೇ ಕೂತು ಆಮೇಲೆ ಕರೆದ್ರು ಅಂತ ಸಿಡುಕೋದು ನ್ಯಾಯ ಅಲ್ಲ.

ಯಾವ ಬೈಬಲ್

ಕನ್ನಡದಲ್ಲಿ ಬೈಬಲ್ ಬಂದು ಸುಮಾರು ಇನ್ನೂರು ವರ್ಷ ಆಗ್ತಾ ಬಂತು, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಅನ್ನೋರ ಕೆಲಸದಿಂದ ಶುರುವಾದದ್ದು. ಚರ್ಚಲ್ಲಿ ಓದೋ ಹಳೇ ಸತ್ಯವೇದದ ಭಾಷೆ ಚೆಂದ, ಕಿವಿಗೆ ಹಾಡಿನ ಥರ, ಬಾಯಿಪಾಠಕ್ಕೆ ಅದೇ ಬೆಸ್ಟ್. ಆದ್ರೆ ರೋಮಾಪುರದವರಿಗೆ ಬರೆದ ಪತ್ರಿಕೆಯ ಉದ್ದುದ್ದ ವಾಕ್ಯಗಳು ಅದರಲ್ಲಿ ಒಂದೇ ಸಲಕ್ಕೆ ತಲೆಗೆ ಹೋಗಲ್ಲ, ಇಂಗ್ಲಿಷ್ ಮೀಡಿಯಂ ಮಕ್ಕಳಿಗಂತೂ "ನೀತಿವಂತರೆಂದು ನಿರ್ಣಯಿಸಲ್ಪಟ್ಟು" ಅಂದ್ರೆ ಮುಗೀತು. ಅದಕ್ಕೇ ಎರಡು ಇಟ್ಕೊಳ್ಳಿ: ಬಾಯಿಪಾಠ ಮಾಡೋಕೆ ಹಳೇದು, ಅರ್ಥ ಮಾಡ್ಕೊಳ್ಳೋಕೆ ಸರಳ ಕನ್ನಡದ್ದು. ಯೂವರ್ಷನ್ ಅನ್ನೋ ಬೈಬಲ್ ಆಪ್‌ನಲ್ಲಿ ಕನ್ನಡದ ಒಂದಕ್ಕಿಂತ ಹೆಚ್ಚು ಅನುವಾದಗಳು ಫ್ರೀ ಆಗಿ ಸಿಗುತ್ತೆ.

ಆದ್ರೂ ಬೆಳಗಿನ ಹೊತ್ತಿಗೆ ಮುದ್ರಿತ ಪುಸ್ತಕಾನೇ ಹಿಡ್ಕೊಳ್ಳಿ ಅಂತ ನನ್ನ ಸಲಹೆ. ಫೋನ್ ತೆಗೆದ್ರೆ ಕೀರ್ತನೆ ಓಪನ್ ಆಗೋಕೆ ಮುಂಚೆ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ನೀರಿನ ಟ್ಯಾಂಕರ್ ಜಗಳ ಓಪನ್ ಆಗಿರುತ್ತೆ. ಹಾಗೇ ಇನ್ನೊಂದು, ಸೂರ್ಯೋದಯದ ಫೋಟೋ ಮೇಲೆ ವಚನ ಬರೆದು ಬರೋ ವಾಟ್ಸಾಪ್ ಫಾರ್ವರ್ಡ್ ನೋಡಿ ಕೈ ಮುಗಿಯೋ ಎಮೋಜಿ ಹಾಕಿದ್ರೆ ಅದು ದೇವರ ಜೊತೆ ಸಮಯ ಅಲ್ಲ, ಬೇಜಾರು ಮಾಡ್ಕೋಬೇಡಿ.

ಎಲ್ಲಿಂದ ಓದೋದು

ಆದಿಕಾಂಡದಿಂದ ಬೇಡ. ಮೊದಲ ಸಲ ಶುರು ಮಾಡೋರಿಗೆ ಹೇಳ್ತಿದ್ದೀನಿ. ಆದಿಕಾಂಡ ಕಥೆ ಥರ ಓಡುತ್ತೆ, ವಿಮೋಚನಕಾಂಡದ ಅರ್ಧದವರೆಗೂ ಓಡುತ್ತೆ, ಆಮೇಲೆ ದೇವದರ್ಶನದ ಗುಡಾರದ ಅಳತೆ, ಪರದೆ, ಕೊಂಡಿ, ಅಲ್ಲಿಂದ ಯಾಜಕಕಾಂಡದ ಬಲಿಗಳು, ನನ್ನ ಹಳೇ ಬೈಬಲ್‌ಗಳ ಬುಕ್‌ಮಾರ್ಕ್ ಎಲ್ಲಾ ಸಿಕ್ಕಾಕ್ಕೊಂಡಿರೋದು ಅಲ್ಲೇ. ಅವು ಬೇಡದ ಪುಸ್ತಕಗಳಲ್ಲ, ಆಮೇಲೆ ಓದೋ ಪುಸ್ತಕಗಳು.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ಎಲ್ಲಕ್ಕಿಂತ ಚಿಕ್ಕ ಸುವಾರ್ತೆ, ಯೇಸು ಒಂದು ಕಡೆ ನಿಲ್ಲದೆ ಓಡಾಡ್ತಾನೇ ಇರ್ತಾರೆ. ದಿನಕ್ಕೆ ಅರ್ಧ ಅಧ್ಯಾಯ ಅಂದ್ರೆ ಒಂದು ತಿಂಗಳು. ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, ನಾಲ್ಕೇ ಅಧ್ಯಾಯ, ಪೌಲ ಜೈಲಲ್ಲಿ ಕೂತು ಸಂತೋಷಪಡಿ ಸಂತೋಷಪಡಿ ಅಂತ ಬರೆದದ್ದು. ಜೊತೆಜೊತೆಗೆ ದಿನಕ್ಕೊಂದು ಕೀರ್ತನೆ, 150 ಇದೆ, ಐದು ತಿಂಗಳು ಬರುತ್ತೆ (119 ಬಂದಾಗ ಗಾಬರಿ ಆಗ್ಬೇಡಿ, 176 ವಚನ, ಅದನ್ನ ತುಂಡು ಮಾಡ್ಕೊಳ್ಳಿ).

ಪೂರ್ತಿ ಬೈಬಲ್ ಓದೋ ಆಸೆ ಇರೋರಿಗೆ ಒಂದು ಲೆಕ್ಕ: 66 ಪುಸ್ತಕಗಳ ಬೈಬಲಲ್ಲಿ 1189 ಅಧ್ಯಾಯ. ದಿನಕ್ಕೊಂದು ಓದಿದ್ರೆ ಮೂರು ವರ್ಷ ಮೂರು ತಿಂಗಳು. ಸ್ಕಾಟ್ಲೆಂಡಿನ ಡಂಡೀಯಲ್ಲಿ ರಾಬರ್ಟ್ ಮ್ಯಾಕ್‌ಚೇನ್ ಅನ್ನೋ ಯುವ ಪಾಸ್ಟರ್ 1842ರಲ್ಲಿ ತಮ್ಮ ಸಭೆಯವರಿಗೆ ದಿನಕ್ಕೆ ನಾಲ್ಕು ಅಧ್ಯಾಯದ ಪಟ್ಟಿ ಮಾಡಿಕೊಟ್ರು, ಈಗ್ಲೂ ಜನ ಅದನ್ನ ಬಳಸ್ತಾರೆ. ಚೆನ್ನಾಗಿದೆ, ಆದ್ರೆ ಮೊದಲ ವರ್ಷಕ್ಕೇ ಹಾಕ್ಕೊಂಡ್ರೆ ಟಿಕ್ ಹಾಕೋದೇ ಕೆಲಸ ಆಗುತ್ತೆ. ನಿಧಾನ ಹೋಗಿ, ಯಾರೂ ಎಕ್ಸಾಮ್ ಇಟ್ಟಿಲ್ಲ.

ಓದಿ ಆಮೇಲೆ ಪ್ರಾರ್ಥನೆ, ಉಲ್ಟಾ ಅಲ್ಲ

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು. ಮೊದಲು ಮೊಣಕಾಲೂರಿ ಕಣ್ಣು ಮುಚ್ಚಿದ ತಕ್ಷಣ ಮನಸ್ಸು ಆಫೀಸಿಗೆ, ಇಎಂಐಗೆ, ನಿನ್ನೆ ಯಾರೋ ಅಂದ ಮಾತಿಗೆ ಹೋಗ್ತಿತ್ತು. ನಾನೊಬ್ನೇ ಹೀಗೆ ಅಂದ್ಕೊಂಡಿದ್ದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಶ್ರಮ ನಡೆಸಿದ ಜಾರ್ಜ್ ಮುಲ್ಲರ್, ಪ್ರಾರ್ಥನೆಯ ಮನುಷ್ಯ ಅಂತಾನೇ ಹೆಸರಾದವರು, ಅವರೇ 1841ರಲ್ಲಿ ಬರ್ಕೊಂಡಿದ್ದಾರೆ: ಮುಂಚೆ ಎದ್ದ ತಕ್ಷಣ ಪ್ರಾರ್ಥನೆಗೆ ಕೂರ್ತಿದ್ರಂತೆ, ಹತ್ತು ನಿಮಿಷ, ಕಾಲು ಗಂಟೆ, ಕೆಲವು ಸಲ ಅರ್ಧ ಗಂಟೆ ಮನಸ್ಸು ಅಲೆದಾಡೋದ್ರಲ್ಲೇ ಹೋಗ್ತಿತ್ತಂತೆ. ಆಮೇಲೆ ಮೊದಲು ವಾಕ್ಯ ಓದಿ ಅದನ್ನ ಧ್ಯಾನಿಸೋಕೆ ಶುರು ಮಾಡಿದ್ರು, ಪ್ರಾರ್ಥನೆ ತಾನಾಗೇ ಬಂತು. ಮಾತು ಶುರು ಮಾಡೋದು ದೇವರು, ನಾವು ಉತ್ತರ ಕೊಡೋದು, ಅಷ್ಟೇ ವ್ಯತ್ಯಾಸ.

ಧ್ಯಾನ ಅಂದ ತಕ್ಷಣ ನಮಗೆ ಪದ್ಮಾಸನ ಹಾಕಿ ಮನಸ್ಸು ಖಾಲಿ ಮಾಡೋದು ನೆನಪಾಗುತ್ತೆ. ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಅಂತ ಬರೋ ಕಡೆ ಹೀಬ್ರೂ ಮಾತು "ಹಾಗಾ", ಅಂದ್ರೆ ಬಾಯಲ್ಲೇ ಗುನುಗೋದು. ಯೆಶಾಯ 31ರಲ್ಲಿ ಸಿಂಹ ಬೇಟೆ ಮೇಲೆ ನಿಂತು ಗುರುಗುಟ್ಟೋದಕ್ಕೂ, 38ರಲ್ಲಿ ಪಾರಿವಾಳ ಮುಲುಗೋದಕ್ಕೂ ಇದೇ ಮಾತು. ಹಾಗಾಗಿ ಮನಸ್ಸು ಖಾಲಿ ಮಾಡೋದಲ್ಲ, ಒಂದು ವಾಕ್ಯವನ್ನ ಬಾಯಲ್ಲಿಟ್ಟು ಹಸು ಮೆಲುಕು ಹಾಕ್ತದಲ್ಲ ಹಾಗೆ ಹಾಕೋದು. ನಮ್ಮಜ್ಜಿ ಒಲೆ ಮುಂದೆ ಗೊಣಗ್ತಿದ್ದದ್ದು ಅದೇ!

ಈಗ ಒಂದು ಕೀರ್ತನೆ ತಗೊಂಡು ಮಾಡಿ ನೋಡೋಣ. 23ನೇದು, ಎಲ್ರಿಗೂ ಗೊತ್ತಿರೋದು, ಆರೇ ವಚನ. ಒಂದು ಸಲ ಸುಮ್ನೆ ಓದಿ. ಎರಡನೇ ಸಲ ತುಟಿ ಅಲ್ಲಾಡಿಸಿ ನಿಧಾನವಾಗಿ, ಯಾವ ಮಾತಿನ ಹತ್ರ ನಿಲ್ಲೋಣ ಅನ್ಸುತ್ತೋ ಅಲ್ಲಿ ನಿಂತುಬಿಡಿ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಕುರುಬ ಅಂದ ತಕ್ಷಣ ಕ್ಯಾಲೆಂಡರಲ್ಲಿರೋ ಬಿಳೀ ಬಟ್ಟೆ ಚಿತ್ರ ಬರುತ್ತೆ, ಅದನ್ನ ಬಿಟ್ಟು ಉತ್ತರ ಕರ್ನಾಟಕದ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸ್ಕೊಂಡು, ಹೆಗಲ ಮೇಲೆ ಕಂಬಳಿ ಹಾಕ್ಕೊಂಡು, ರಾತ್ರಿ ಕುರಿಗಳ ಪಕ್ಕದಲ್ಲೇ ಬಯಲಲ್ಲಿ ಮಲಗೋ ಮನುಷ್ಯನ್ನ ನೆನೆಸ್ಕೊಳ್ಳಿ. ದೂಳು, ಬಿಸಿಲು, ತೋಳದ ಭಯ ಎಲ್ಲಾ ಕುರಿಗೆಷ್ಟೋ ಅವನಿಗೂ ಅಷ್ಟೇ. ದೇವರು ನನಗೆ ಹಾಗೆ ಅಂದ್ರೆ ಏನು? ಎರಡು ನಿಮಿಷ ಅದರ ಜೊತೆನೇ ಇರಿ.

ಮೂರನೇ ಸಲ ಓದುವಾಗ ಒಂದು ಸಣ್ಣ ವಿಷಯ ಗಮನಿಸಿ, ಇದನ್ನ ನಾನು ಎಷ್ಟೋ ವರ್ಷ ನೋಡೇ ಇರ್ಲಿಲ್ಲ. ಮೊದಲ ಮೂರು ವಚನಗಳಲ್ಲಿ ಈ ಕೀರ್ತನೆಯ ದಾವೀದ "ಆತನು" ಅಂತಾನೆ. ಆತನು ತಂಗಿಸುತ್ತಾನೆ, ಆತನು ನಡಿಸುತ್ತಾನೆ, ಹೀಗೆ ನಮಗೆ ದೇವರ ಬಗ್ಗೆ ಹೇಳ್ತಿದ್ದಾನೆ. ನಾಲ್ಕನೇ ವಚನದಲ್ಲಿ ಕತ್ತಲೆ ಕಣಿವೆ ಬಂತು ನೋಡಿ, ಅಲ್ಲಿ ಒಮ್ಮೆಲೇ "ನೀನು" ಅಂತ ತಿರುಗ್ತಾನೆ. ಹಸುರುಗಾವಲಲ್ಲಿ ದೇವರ ಬಗ್ಗೆ ಮಾತಾಡ್ತಿದ್ದವನು ಕತ್ತಲಲ್ಲಿ ದೇವರ ಹತ್ರಾನೇ ಮಾತಾಡೋಕೆ ಶುರು ಮಾಡಿದ. ಈಗ ನೀವೂ ಅದನ್ನೇ ಮಾಡಿ, ನಿಮ್ಮ ಕಣಿವೆ ಯಾವುದೋ ಅದನ್ನ ಹೆಸರು ಹಿಡಿದು ಹೇಳಿ: "ಸ್ಕ್ಯಾನ್ ರಿಪೋರ್ಟ್ ಬರೋದಿದೆ, ಭಯ ಆಗ್ತಿದೆ, ನೀನು ಹತ್ರ ಇದ್ದೀಯ ಅಂತ ಇಲ್ಲಿ ಬರೆದಿದೆ, ನಂಗೆ ಹಾಗೆ ಅನ್ನಿಸ್ತಿಲ್ಲ, ಆದ್ರೂ ಬಂದಿದ್ದೀನಿ." ಇದು ಪ್ರಾರ್ಥನೆ. ಕೊನೆಗೆ ಒಂದೆರಡು ನಿಮಿಷ ಏನೂ ಮಾತಾಡದೆ ಕೂತ್ಕೊಳ್ಳಿ. 12ನೇ ಶತಮಾನದಲ್ಲಿ ಗ್ವೀಗೋ ಅನ್ನೋ ಸನ್ಯಾಸಿ ಇದನ್ನೇ ಏಣಿಯ ನಾಲ್ಕು ಮೆಟ್ಟಿಲು ಅಂತ ಹೇಳಿದ್ದ: ಓದು, ಮೆಲುಕು, ಪ್ರಾರ್ಥನೆ, ಸುಮ್ಮನಿರೋದು. ಕ್ಯಾಥೊಲಿಕ್ ಸ್ನೇಹಿತರಿಗೆ ಇದು ಹೆಚ್ಚು ಪರಿಚಯ, ನಮ್ಮಂಥವರು ಕಲಿಯೋದ್ರಲ್ಲಿ ತಪ್ಪೇನಿಲ್ಲ.

ಅಂದಹಾಗೆ ದೇವರಿಗೆ "ನೀನು" ಅನ್ನಬೇಕಾ "ನೀವು" ಅನ್ನಬೇಕಾ ಅಂತ ಕೆಲವರಿಗೆ ಗೊಂದಲ ಇರುತ್ತೆ. ಸತ್ಯವೇದದಲ್ಲಿ ನೀನು ಅಂತಿದೆ, ಎಷ್ಟೋ ಸಭೆಗಳಲ್ಲಿ ನಿಮಗೆ ಸ್ತೋತ್ರ ಅಂತಾರೆ. ಅಪ್ಪನ ಹತ್ರ ನೀವು ಹೇಗೆ ಮಾತಾಡ್ತೀರೋ ಹಾಗೆ ಮಾತಾಡಿ.

ಮಾತು ಬರದಾಗ

ಕೆಲವು ದಿನ ಏನು ಹೇಳ್ಬೇಕು ಅಂತಾನೇ ಗೊತ್ತಾಗಲ್ಲ. ಆಗ ಯೇಸು ಕಲಿಸಿದ ಪ್ರಾರ್ಥನೆ, ಮತ್ತಾಯ 6:9ರಿಂದ, ಅದನ್ನ ಗಡಗಡ ಅಂತ ಹೇಳಿ ಮುಗಿಸದೆ ಒಂದೊಂದು ಸಾಲಿಗೂ ನಿಂತು ನಿಮ್ಮ ಮಾತು ಸೇರಿಸ್ಕೊಳ್ಳಿ. "ನಮ್ಮ ತಂದೆಯೇ" ಅಂದಾಗ, "ನನ್ನ" ಅಲ್ಲ "ನಮ್ಮ", ಹಾಗಿದ್ರೆ ಪಕ್ಕದ ಮನೆಯವರೂ ಬಂದ್ರು ಅದರಲ್ಲಿ. ಅನುದಿನದ ಆಹಾರ ಅನ್ನೋ ಕಡೆ ಬಾಡಿಗೆ, ಫೀಸು, ಅಮ್ಮನ ಶುಗರ್ ಮಾತ್ರೆ ಎಲ್ಲಾ ಹೇಳಿ, ಇದೆಲ್ಲಾ ಚಿಲ್ರೆ ವಿಷಯ ಅಂತ ಬಿಡಬೇಡಿ, ಅಜ್ಜಿ ಹಸು ಮೇವಿನ ವಿಷಯಾನೂ ಹೇಳ್ತಿದ್ರಲ್ಲ.

ನಾನು ಹೀಗೆ ಸಾಲು ಸಾಲಾಗಿ ಹೋಗ್ತಾ "ಕ್ಷಮಿಸು" ಅನ್ನೋ ಸಾಲಿಗೆ ಬಂದು ಸಿಕ್ಕಾಕ್ಕೊಂಡೆ. ಊರ ಮನೆ ಪಾಲಿನ ವಿಷಯಕ್ಕೆ ನಮ್ಮಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ, ತಪ್ಪು ಅವನದೇ ಅಂತ ಗಟ್ಟಿಯಾಗಿ ನಂಬಿದ್ದೆ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನೋ ಮಾತು ಬಾಯಿಗೆ ಬರ್ತಿರ್ಲಿಲ್ಲ, ನಾಲ್ಕು ದಿನ ಆ ಸಾಲನ್ನ ಹಾರಿಸಿ ಮುಂದೆ ಹೋದೆ, ಐದನೇ ದಿನ ಹಾರಿಸ್ತಿದ್ದೀನಿ ಅಂತ ನಂಗೇ ನಾಚಿಕೆ ಆಯ್ತು. ಮತ್ತಾಯ 5:23-24ರಲ್ಲಿ ಇದಕ್ಕೇ ಹೇಳಿದೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡ್ಕೋ ಅಂತ. ಫೋನ್ ಮಾಡ್ದೆ. ಅಣ್ಣ ಎತ್ತಿ ಸ್ವಲ್ಪ ಹೊತ್ತು ಸುಮ್ನಿದ್ದು "ಊಟ ಆಯ್ತೇನೋ?" ಅಂದ. ಪಾಲಿನ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ಆದ್ರೆ ಊಟದ ವಿಷಯ ವಾರಕ್ಕೊಂದ್ಸಲ ಮಾತಾಡ್ತೀವಿ. ನಿಮ್ಮ ಪ್ರಾರ್ಥನೆ ಯಾವುದಾದ್ರೂ ಒಂದು ಕಡೆ ದಿನಾ ಮುಗ್ಗರಿಸ್ತಿದ್ರೆ ಅಲ್ಲೇ ಏನೋ ಇದೆ ಅಂತ ಲೆಕ್ಕ, ಅದನ್ನ ದಾಟಿ ಹೋಗ್ಬೇಡಿ.

ಒಂದು ನೋಟ್‌ಬುಕ್

ಅಂಗಡೀಲಿ ಸಿಗೋ ಸಾಧಾರಣ ಗೆರೆ ನೋಟ್‌ಬುಕ್ ಸಾಕು. ತಾರೀಖು, ಓದಿದ ಭಾಗ, ನಿಂತ ಮಾತು, ಒಂದು ಸಾಲಿನ ಪ್ರಾರ್ಥನೆ. ಬಲಗಡೆ ಸ್ವಲ್ಪ ಜಾಗ ಖಾಲಿ ಬಿಡಿ, ಉತ್ತರ ಬಂದ ದಿನ ಅಲ್ಲಿ ತಾರೀಖು ಹಾಕೋಕೆ. ಕೆಲವದಕ್ಕೆ "ಇಲ್ಲ" ಅಂತ ಉತ್ತರ ಬಂದಿರುತ್ತೆ, ಅದನ್ನೂ ಬರೀರಿ. ಪಕ್ಕದಲ್ಲಿ ಒಂದು ಚೀಟಿ ಇಟ್ಕೊಳ್ಳಿ, ಮಧ್ಯೆ "ಗ್ಯಾಸ್ ಬುಕ್ ಮಾಡ್ಬೇಕು" ಅಂತ ನೆನಪಾದ್ರೆ ಚೀಟಿಗೆ ಬರೆದು ವಾಪಸ್ ಬನ್ನಿ, ಮನಸ್ಸಿನ ಜೊತೆ ಕುಸ್ತಿ ಆಡೋದಕ್ಕಿಂತ ಇದು ಸುಲಭ.

ಏನೂ ಅನ್ನಿಸದ ದಿನಗಳು

ಬರುತ್ತೆ. ಮೂರು ತಿಂಗಳು ಚೆನ್ನಾಗಿ ನಡೆದು ಆಮೇಲೆ ಬೈಬಲ್ ನ್ಯೂಸ್‌ಪೇಪರ್ ಥರ ಅನ್ಸುತ್ತೆ, ಪ್ರಾರ್ಥನೆ ಸೂರಿಗೆ ತಾಗಿ ವಾಪಸ್ ಬಿದ್ದ ಹಾಗೆ. ಪಾಪ ಮಾಡಿದ್ದೀಯ ಅದಕ್ಕೆ ಅಂತ ಹೇಳೋರು ಸಭೆಯಲ್ಲಿ ಒಬ್ಬರಾದ್ರೂ ಸಿಗ್ತಾರೆ. ಯಾವಾಗ್ಲೂ ಹಾಗಲ್ಲ. 13ನೇ ಕೀರ್ತನೆ "ಎಷ್ಟರವರೆಗೆ" ಅಂತ ಕೇಳ್ತಾನೇ ಶುರುವಾಗುತ್ತೆ, 88ನೇದಂತೂ ಕತ್ತಲಲ್ಲೇ ಮುಗಿದುಬಿಡುತ್ತೆ, ಕೊನೆಗೊಂದು ಹಲ್ಲೆಲೂಯಾನೂ ಇಲ್ಲ. ಅವು ಬೈಬಲಲ್ಲಿ ಇರೋದೇ ನಾವು ಎರವಲು ತಗೊಳ್ಳೋಕೆ. ನಿಮ್ಮ ಮಾತು ಬತ್ತಿಹೋದಾಗ ಅವನ್ನೇ ಜೋರಾಗಿ ಓದಿ ಎದ್ದುಬಿಡಿ, ಅವತ್ತಿಗೆ ಅಷ್ಟು ಸಾಕು.

ಪ್ರವಾದಿ ಎಲೀಯನ ಕಥೆ (1 ಅರಸುಗಳು 19) ನೋಡಿ. ಸಾಕಪ್ಪಾ ಸಾಕು, ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಬಿದ್ಕೊಂಡಿದ್ದ. ದೇವದೂತ ಬಂದು ಬೈದ್ನಾ, ಪ್ರಸಂಗ ಮಾಡಿದ್ನಾ? ಇಲ್ಲ, ಎದ್ದು ತಿನ್ನು ಅಂದ. ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ಊಟ. ಮೆಲ್ಲನೆ ಮಾತು ಕೇಳಿಸಿದ್ದು ಅದಾದ ಎಷ್ಟೋ ದಿನಕ್ಕೆ, ಹೋರೇಬ್ ಬೆಟ್ಟದಲ್ಲಿ. ಅದಕ್ಕೇ ನಿದ್ದೆಗೆಟ್ಟು ಪ್ರಾರ್ಥನೆಗೆ ಕೂತು ತೂಕಡಿಸೋರಿಗೆ ನಾನು ಹೇಳೋದು ಮೊದಲು ಸರಿಯಾಗಿ ಮಲಗಿ ಅಂತ. ಹಾಗೇ ವಾರಗಟ್ಟಲೆ ಏನೂ ಬೇಡ, ಬದುಕೇ ಬೇಡ ಅನ್ನಿಸ್ತಿದ್ರೆ ಅದನ್ನ "ಆತ್ಮಿಕ ಬಲಹೀನತೆ" ಅಂತ ಮುಚ್ಚಿಡಬೇಡಿ, ಡಾಕ್ಟರ್ ನೋಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ಮಾತ್ರೆ ತಗೊಳ್ಳೋದು ಅವಿಶ್ವಾಸ ಅಲ್ಲ.

ಉಪವಾಸದ ಬಗ್ಗೆನೂ ಒಂದು ಮಾತು, ಒಂದು ಹೊತ್ತು ಊಟ ಬಿಟ್ಟು ಆ ಸಮಯ ದೇವರಿಗೆ ಕೊಡೋದು ಒಳ್ಳೇದೇ, ಆದ್ರೆ ಶುಗರ್ ಇರೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಮಾಡ್ಬೇಡಿ, ಅವರು ಒಂದು ದಿನ ಫೋನ್ ಬಿಟ್ರೆ ಅದೇ ದೊಡ್ಡ ಉಪವಾಸ.

ದಿನ ತಪ್ಪಿದ್ರೆ? ಮಾರನೇ ದಿನ ಅಲ್ಲಿಂದಲೇ ಶುರು ಮಾಡಿ, ಬಾಕಿ ತೀರಿಸೋಕೆ ಹೋಗ್ಬೇಡಿ. ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರ ಮನ್ನಾ ನೆನಪಿದೆಯಲ್ಲ, ಅವತ್ತಿಂದು ಅವತ್ತಿಗೆ, ಮಾರನೇ ದಿನಕ್ಕೆ ಅಂತ ಕೂಡಿಟ್ರೆ ಹುಳ ಬಿತ್ತು.

ಹದಿನೈದು ನಿಮಿಷ ಮುಗಿದ ಮೇಲೆ

ಬೆಳಿಗ್ಗೆ ನಿಂತ ಒಂದು ಮಾತನ್ನ ಜೇಬಲ್ಲಿ ಹಾಕ್ಕೊಂಡು ಹೋಗಿ, ಚೀಟಿ ಮೇಲೆ ಬರೆದು. ಸಿಗ್ನಲಲ್ಲಿ, ಮೆಟ್ರೋ ಕ್ಯೂನಲ್ಲಿ ಅದನ್ನೇ ಮೆಲುಕು ಹಾಕಿ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಅಡುಗೆಮನೆ ಕೆಲಸದವರಿದ್ರು, ಪಾತ್ರೆಗಳ ಗದ್ದಲದ ನಡುವೆನೂ ಮೊಣಕಾಲೂರಿದಾಗ ಇರೋ ಹಾಗೇ ದೇವರ ಜೊತೆ ಇರೋದನ್ನ ಅಭ್ಯಾಸ ಮಾಡ್ಕೊಂಡ್ರು. ರಾತ್ರಿ ಮಲಗೋ ಮುಂಚೆ ಐದು ನಿಮಿಷ ದಿನವನ್ನ ಹಿಂದಕ್ಕೆ ತಿರುಗಿಸಿ ನೋಡಿ, ಎಲ್ಲಿ ದೇವರ ಕೈ ಕಾಣಿಸ್ತು, ಎಲ್ಲಿ ನಾನು ಎಡವಿದೆ, ನಾಳೆ ಯಾವುದಕ್ಕೆ ಸಹಾಯ ಬೇಕು. ಜೆಸ್ವಿಟ್ ಸಂಘ ಶುರು ಮಾಡಿದ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲೇ ತಮ್ಮವರಿಗೆ ಇಂಥ ಪರಿಶೀಲನೆ ಕಲಿಸಿದ್ರು. ವಾರಕ್ಕೊಂದ್ಸಲ ಒಬ್ಬ ನಂಬಿಕಸ್ತ ಸ್ನೇಹಿತರ ಹತ್ರ ಹೇಗೆ ನಡೀತಿದೆ ಅಂತ ಹೇಳ್ಕೊಳ್ಳಿ, ಒಬ್ಬರೇ ಆದ್ರೆ ಸುಳ್ಳು ಲೆಕ್ಕ ಬರ್ಕೊಳ್ತೀವಿ.

ಬೆಳೀತಿದ್ದೀನಾ ಅಂತ ಗೊತ್ತಾಗೋದು ಹೇಗೆ? ಎಷ್ಟು ಅಧ್ಯಾಯ ಆಯ್ತು ಅನ್ನೋದ್ರಿಂದ ಅಲ್ಲ, ಕಣ್ಣೀರು ಬಂತಾ ಅನ್ನೋದ್ರಿಂದಾನೂ ಅಲ್ಲ. ಗಲಾತ್ಯ 5:22-23ರಲ್ಲಿ ಪವಿತ್ರಾತ್ಮನ ಫಲ ಅಂತ ಒಂಬತ್ತು ಗುಣ ಇದೆ, ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ಹೀಗೆ. ಆ ಪಟ್ಟಿ ಹಿಡ್ಕೊಂಡು ಮನೆಯವರನ್ನ ಕೇಳಿ, ಸಭೆಯವರನ್ನಲ್ಲ. ನಾನು ಒಂದು ವರ್ಷದ ಮೇಲೆ ಧೈರ್ಯ ಮಾಡಿ ಹೆಂಡ್ತಿನ ಕೇಳ್ದೆ. "ಟ್ರಾಫಿಕ್‌ನಲ್ಲಿ ಬಯ್ಯೋದು ಸ್ವಲ್ಪ ಕಮ್ಮಿ ಆಗಿದೆ, ದೀರ್ಘಶಾಂತಿ ಇನ್ನೂ ಬಂದಿಲ್ಲ" ಅಂದ್ಲು. ನೋಟ್‌ಬುಕ್ಕಲ್ಲಿ ಬರ್ಕೊಂಡೆ, ಬಲಗಡೆ ಜಾಗ ಖಾಲಿ ಬಿಟ್ಟು.

ಶುರು ಮಾಡೋರು ಇವತ್ತು ರಾತ್ರೀನೇ ಒಂದು ಕೆಲಸ ಮಾಡಿ, ಫೋನ್ ಚಾರ್ಜಿಗೆ ಬೇರೆ ರೂಮಲ್ಲಿ ಹಾಕಿ, ಬೈಬಲಲ್ಲಿ ಮಾರ್ಕ 1 ತೆಗೆದು ಒಂದು ಪೆನ್ನು ಅಡ್ಡ ಇಟ್ಟು, ನಾಳೆ ಕೂರೋ ಜಾಗದಲ್ಲಿ ಇಟ್ಟು ಮಲಗಿ.